ಸೆಲ್ಫ್ ಹೊಡೆದಾಗ ಕರಕರ ಸದ್ದು. ಸೆಲ್ಫ್ ಬದಲಾಯಿಸಿದರೂ ಮತ್ತೆ ಬಂತು

ಸುಂಟಿಕೊಪ್ಪ ಟ್ರಿಪ್ ಪುಸ್ತಕ
ಜನವರಿ 9, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಮ್ಮದು ಸುಂಟಿಕೊಪ್ಪ ಹತ್ತಿರ. ಮನೆಯಲ್ಲಿ ಒಂದು ಚಿಕ್ಕ ಲಾರಿ ಇದೆ. ನಾಲ್ಕು ಸಿಲಿಂಡರ್ ಡೀಸೆಲ್, ಹಳೇ ಕಾಲದ ಮೆಕ್ಯಾನಿಕಲ್ ಪಂಪ್, 12 ವೋಲ್ಟ್, ಒಂದೇ ಬ್ಯಾಟರಿ. ಅಪ್ಪ ತೆಗೆದುಕೊಂಡ ಗಾಡಿ. ಅವರಿಗೆ ಮಂಡಿ ನೋವು ಬಂದ ಮೇಲೆ ಚಿಕ್ಕಪ್ಪ ಓಡಿಸುತ್ತಿದ್ದಾರೆ. ಟ್ರಿಪ್ ಪುಸ್ತಕ, ಬಾಡಿಗೆ ವಸೂಲಿ, ಡೀಸೆಲ್ ಲೆಕ್ಕ ನನ್ನದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ನಾನೂ ಲಾರಿಯಲ್ಲೇ ಹೋಗುತ್ತೇನೆ.

ಈಗ ಸಮಸ್ಯೆ. ಸೆಲ್ಫ್, ಅಂದರೆ ಇಂಜಿನ್ ಸ್ಟಾರ್ಟ್ ಮಾಡುವ ಮೋಟಾರ್, ಹೊಡೆಯಲು ಕೀ ತಿರುಗಿಸಿದಾಗ ಕೆಲವು ಸಲ "ಕರ್ರ್ರ್" ಅಂತ ಸದ್ದು ಬರುತ್ತದೆ. ಕಲ್ಲಿನ ಮೇಲೆ ಗರಗಸ ಎಳೆದ ಹಾಗೆ. ಇಂಜಿನ್ ತಿರುಗುವುದಿಲ್ಲ. ಕೀ ಬಿಟ್ಟು ಮತ್ತೆ ಹೊಡೆದರೆ ಒಮ್ಮೊಮ್ಮೆ ಹಿಡಿಯುತ್ತದೆ, ಒಮ್ಮೊಮ್ಮೆ ಅದೇ ಸದ್ದು. ನವೆಂಬರ್ ಕೊನೆಯಲ್ಲಿ ಶುರುವಾಯಿತು. ಒಂದು ಗ್ಯಾರೇಜಿನಲ್ಲಿ ತೋರಿಸಿದೆವು. ಬಾನೆಟ್ ಎತ್ತಲೇ ಇಲ್ಲ, ಸದ್ದು ಕೇಳಿ "ಸೆಲ್ಫ್ ಹೋಗಿದೆ" ಅಂದರು. ರಿಪೇರಿ ಮಾಡಿದ ಬೇರೆ ಸೆಲ್ಫ್ ಹಾಕಿಸಿದೆವು. 7,500 ರೂಪಾಯಿ ಆಯಿತು. 12 ದಿನ ಚೆನ್ನಾಗಿತ್ತು. 13ನೇ ದಿನ ಮತ್ತೆ ಕರ್ರ್ರ್. ಈಗ ಅವರು ಇನ್ನೊಂದು ಸೆಲ್ಫ್ ಹಾಕೋಣ ಅನ್ನುತ್ತಿದ್ದಾರೆ.

ನಾನು ಟ್ರಿಪ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಇಟ್ಟಿದ್ದೇನೆ. ಒಂಬತ್ತು ದಿನದಲ್ಲಿ 46 ಸಲ ಸ್ಟಾರ್ಟ್ ಮಾಡಿದ್ದೇವೆ. 13 ಸಲ ಸದ್ದು ಬಂದಿದೆ. ಚಳಿಗೆ ಮಾತ್ರ ಅಂದುಕೊಂಡಿದ್ದೆ, ಹಾಗೇನಿಲ್ಲ. ಮಧ್ಯಾಹ್ನ ಕೂಡ್ಲೂರಿನ ಕಾಫಿ ಬೀಜ ಬಿಡಿಸುವ ಕ್ಯೂರಿಂಗ್ ವರ್ಕ್ಸ್ ಮುಂದೆ ಇಂಜಿನ್ ಬಿಸಿ ಇದ್ದಾಗಲೂ ನಾಲ್ಕು ಸಲ ಬಂದಿದೆ. ತೀರಾ ಆಗದಿದ್ದರೆ ಚಿಕ್ಕಪ್ಪ ಗೇರಿಗೆ ಹಾಕಿ, ನಾವೆಲ್ಲ ಇಳಿದು ಗಾಡಿಯನ್ನು ಒಂದು ಗೇಣು ಮುಂದೆ ತಳ್ಳುತ್ತೇವೆ. ಆಮೇಲೆ ನ್ಯೂಟ್ರಲ್ ಮಾಡಿ ಹೊಡೆದರೆ ಹಿಡಿಯುತ್ತದೆ.

ಬೇಗ ಕೇಳಲು ಕಾರಣ ಇದೆ. ಮುಂದಿನ ವಾರದಿಂದ ರೋಬಸ್ಟಾ ಲೋಡು. ಸಿದ್ದಾಪುರದ ಕಡೆ ಎರಡು ತೋಟಗಳಿಗೆ ಬೆಳಗಿನ ಜಾವವೇ ಹೋಗಬೇಕು. ಅಲ್ಲಿ ಆನೆ ಇವೆ. ಮೊನ್ನೆ ಕೂಲಿಯವರ ಲೈನ್ ಮನೆಯ ಹಿಂದೆಯೇ ಲದ್ದಿ ಬಿದ್ದಿತ್ತು, ಇನ್ನೂ ಬಿಸಿ ಇತ್ತು ಅಂತ ತೋಟದ ಲೆಕ್ಕ ಬರೆಯುವ ರೈಟರ್ ಹೇಳಿದರು. ಅಂಥ ಕಡೆ ಮಂಜಿನಲ್ಲಿ ಎಲ್ಲರೂ ಕೆಳಗಿಳಿದು ಲಾರಿ ತಳ್ಳುವುದು ನನಗೆ ಭಯ. ಇನ್ನೊಂದು ಸೆಲ್ಫಿಗೆ ದುಡ್ಡು ಹಾಕಬೇಕಾ, ಅಥವಾ ಬೇರೆ ಏನಾದರೂ ಇರಬಹುದಾ? ದಯವಿಟ್ಟು ತಿಳಿದವರು ಹೇಳಿ.

ಸಂಪಾಜೆ ಘಾಟಿ ಡ್ರೈವರ್
ಜನವರಿ 9, ರಾತ್ರಿ 10.15

ಮೇಡಂ, ಮೊದಲು ಸದ್ದು ಯಾವ ಥರ ಅಂತ ಗಟ್ಟಿ ಮಾಡಿಕೊಳ್ಳಿ. ಸೆಲ್ಫ್ ಮೂರು ನಾಲ್ಕು ಥರ ಕೂಗುತ್ತದೆ. "ಟಕ್ ಟಕ್ ಟಕ್" ಅಂತ ಬೇಗ ಬೇಗ ಬಡಿದರೆ ಬ್ಯಾಟರಿ ಇಳಿದಿದೆ, ಇಲ್ಲ ಟರ್ಮಿನಲ್ ಸಡಿಲ. ಒಂದೇ ಒಂದು "ಟಕ್" ಅಂದು ಸುಮ್ಮನಾದರೆ ಸೆಲ್ಫಿನ ಮೇಲಿನ ದೊಡ್ಡ ಸ್ವಿಚ್, ಅಂದರೆ ಸೊಲೆನಾಯ್ಡ್, ಅಥವಾ ಮೋಟಾರಿನ ಒಳಗಿನ ಕಾರ್ಬನ್ ಬ್ರಷ್. "ಗುಂಯ್" ಅಂತ ಫ್ಯಾನ್ ಥರ ಸುಮ್ನೆ ತಿರುಗಿ ಇಂಜಿನ್ ಅಲ್ಲಾಡದಿದ್ದರೆ ಬೆಂಡಿಕ್ಸ್, ಅಂದರೆ ಸೆಲ್ಫಿನ ತುದಿಯಲ್ಲಿ ಹಲ್ಲಿನ ಚಕ್ರ ಇರುವ ಭಾಗ, ಜಾರುತ್ತಿದೆ. ನಿಮ್ಮದು ಕರಕರ ಅಂದರೆ ಹಲ್ಲಿಗೆ ಹಲ್ಲು ಸರಿಯಾಗಿ ಕೂರುತ್ತಿಲ್ಲ.

ಇನ್ನೊಂದು ಕೇಳುತ್ತೇನೆ. ಇಂಜಿನ್ ಹತ್ತಿದ ಮೇಲೂ ಸದ್ದು ಮುಂದುವರಿಯುತ್ತಾ? ಹಾಗಿದ್ದರೆ ಬೆಂಡಿಕ್ಸ್ ವಾಪಸ್ ಬರುತ್ತಿಲ್ಲ ಅಂತ ಅರ್ಥ. ಅದನ್ನು ಹಾಗೆಯೇ ಓಡಿಸಬೇಡಿ. ನನ್ನ ಹಳೇ ಗಾಡಿಯಲ್ಲಿ ಹಾಗಾಗಿ ಸೆಲ್ಫಿನ ಒಳಗೆ ತಿರುಗುವ ಆರ್ಮೇಚರ್ ಸುಟ್ಟೇ ಹೋಯಿತು.

ಶನಿವಾರಸಂತೆ ಆಟೋ ಎಲೆಕ್ಟ್ರಿಕಲ್
ಜನವರಿ 10, ಬೆಳಿಗ್ಗೆ 7.05

ಸೆಲ್ಫ್ ಬಿಚ್ಚುವ ಮೊದಲು ಒಂದು ಮೀಟರ್ ತಂದು ನೋಡಿ. ರಾತ್ರಿಯೆಲ್ಲ ನಿಂತ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋಗಬಾರದು. ಆಮೇಲೆ ಮೀಟರಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿ ಇಂಜಿನ್ ಬ್ಲಾಕಿನ ಮೈಗೆ ಇಟ್ಟು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ಥ್ ವೈರ್ ಸರಿ ಇಲ್ಲ.

ನಮ್ಮ ಕಡೆ ಮಳೆಗಾಲ ಕಳೆದ ಮೇಲೆ ಅರ್ಧ ಗಾಡಿಗಳಿಗೆ ಅರ್ಥ್ ವೈರೇ ರೋಗ. ಮೇಲೆ ಚೆನ್ನಾಗಿ ಕಾಣುತ್ತದೆ, ವೈರ್ ತುದಿಯ ಲಗ್ ಒಳಗೆ ತಾಮ್ರ ಹಸಿರು ಬಂದಿರುತ್ತದೆ. ಕರೆಂಟ್ ಕಡಿಮೆ ಆದರೆ ಸೊಲೆನಾಯ್ಡ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ಪಿನಿಯನ್, ಅಂದರೆ ಬೆಂಡಿಕ್ಸಿನ ಹಲ್ಲಿನ ಚಕ್ರ, ಪೂರ್ತಿ ಒಳಗೆ ಹೋಗುವ ಮೊದಲೇ ವಾಪಸ್ ಬರುತ್ತದೆ. ಹಲ್ಲು ಕಡಿಯಲು ಅಷ್ಟು ಸಾಕು.

ಹಳೇ ಮೇಸ್ತ್ರಿ, ಕುಶಾಲನಗರ
ಜನವರಿ 10, ಬೆಳಿಗ್ಗೆ 8.30

ತಂಗಿ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಇನ್ನೊಂದು ಸೆಲ್ಫಿಗೆ ಈಗಲೇ ಒಂದು ರೂಪಾಯಿಯೂ ಹಾಕಬೇಡಿ.

ಉತ್ತರ ನಿಮ್ಮ ಬರಹದಲ್ಲೇ ಇದೆ. ಗಾಡಿಯನ್ನು ಗೇರಿಗೆ ಹಾಕಿ ಒಂದು ಗೇಣು ತಳ್ಳಿದರೆ ಸದ್ದು ಹೋಗುತ್ತದೆ ಅಂದಿರಿ. ಗೇರಿನಲ್ಲಿ ತಳ್ಳಿದಾಗ ಏನಾಗುತ್ತದೆ? ಚಕ್ರ ತಿರುಗಿ, ಗೇರ್ ಬಾಕ್ಸ್ ತಿರುಗಿ, ಇಂಜಿನ್ ಹಿಂದಿನ ಭಾರದ ಚಕ್ರ, ಫ್ಲೈವೀಲ್, ಸ್ವಲ್ಪ ತಿರುಗುತ್ತದೆ. ಸೆಲ್ಫ್ ಇದ್ದಲ್ಲೇ ಇದೆ, ಅದಕ್ಕೆ ಏನೂ ಆಗಿಲ್ಲ. ಬದಲಾದದ್ದು ಅದರ ಎದುರಿಗೆ ಬಂದ ಫ್ಲೈವೀಲ್ ಹಲ್ಲು ಮಾತ್ರ. ಹಾಗಾಗಿ ನನ್ನ ಅನುಮಾನ ಫ್ಲೈವೀಲ್ ರಿಂಗ್ ಮೇಲೆ, ಅಂದರೆ ಅದರ ಸುತ್ತ ಕೂರಿಸಿದ ಹಲ್ಲಿನ ಬಳೆ ಮೇಲೆ.

ಕೀ ತಿರುಗಿಸಿದಾಗ ಸೊಲೆನಾಯ್ಡ್ ಎರಡು ಕೆಲಸ ಮಾಡುತ್ತದೆ. ಮೊದಲು ಒಂದು ಫೋರ್ಕಿನಿಂದ ಪಿನಿಯನ್ನನ್ನು ಮುಂದೆ ನೂಕಿ ರಿಂಗಿನ ಹಲ್ಲಿಗೆ ಕೂರಿಸುತ್ತದೆ. ಕೂತ ಮೇಲೆ ಮೋಟಾರಿಗೆ ಪೂರ್ತಿ ಕರೆಂಟ್ ಕೊಡುತ್ತದೆ. ಪಿನಿಯನ್‌ಗೆ ಹತ್ತು ಹಲ್ಲು ಆಸುಪಾಸು. ರಿಂಗಿಗೆ ನೂರಕ್ಕೂ ಜಾಸ್ತಿ. ರಿಂಗಿನ ಹಲ್ಲಿನ ಅಂಚು ಒಂದು ಜಾಗದಲ್ಲಿ ತಿಂದುಹೋಗಿದ್ದರೆ ಪಿನಿಯನ್‌ಗೆ ಹಿಡಿತ ಸಿಗುವುದಿಲ್ಲ, ಮೇಲೆ ಮೇಲೆ ಉಜ್ಜುತ್ತದೆ. ಅದೇ ನಿಮ್ಮ ಕರ್ರ್ರ್.

ಒಂದೇ ಜಾಗ ಯಾಕೆ ತಿಂದುಹೋಗುತ್ತದೆ ಅಂತ ಕೇಳಬಹುದು. ಇಂಜಿನ್ ಆಫ್ ಮಾಡಿದಾಗ ಅದು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಯಾವುದೋ ಒಂದು ಸಿಲಿಂಡರಿನ ಕಂಪ್ರೆಷನ್ ಎದುರಾಗಿ, ಅದನ್ನು ದಾಟಲು ಆಗದೆ ಸ್ವಲ್ಪ ಹಿಂದೆ ಬಂದು ನಿಲ್ಲುತ್ತದೆ. ನಾಲ್ಕು ಸಿಲಿಂಡರ್ ಆದರೆ ಹೆಚ್ಚು ಕಡಿಮೆ ಎರಡೇ ಜಾಗ, ಒಂದಕ್ಕೊಂದು ಎದುರುಬದಿರು. ಆರು ಸಿಲಿಂಡರ್ ಆದರೆ ಮೂರು. ಹೊಡೆತವೆಲ್ಲ ಆ ಹಲ್ಲುಗಳಿಗೇ. ಉಳಿದ ಹಲ್ಲು ಹೊಸದರ ಹಾಗೆ ಇರುತ್ತವೆ.

12 ದಿನ ಚೆನ್ನಾಗಿದ್ದದ್ದೂ ಇದಕ್ಕೇ ಹೊಂದುತ್ತದೆ. ಬೇರೆ ಸೆಲ್ಫಿನ ಪಿನಿಯನ್ ಅಂಚು ಚೂಪು ಇತ್ತು, ಸವೆದ ರಿಂಗನ್ನೂ ಹೇಗೋ ಹಿಡಿಯಿತು. ಅದರ ಅಂಚು ಮುರಿದ ಮೇಲೆ ಹಳೇ ಕಥೆ.

ಆದರೆ ನಾನು ಗಾಡಿ ನೋಡಿಲ್ಲ. ಪರೀಕ್ಷೆ ನೀವೇ ಮಾಡಬಹುದು, ಪುಸ್ತಕ ಬರೆಯುವ ಅಭ್ಯಾಸ ಇದೆಯಲ್ಲ. ಇಂಜಿನ್ ಮುಂದೆ ಬೆಲ್ಟ್ ಸುತ್ತುವ ಕೆಳಗಿನ ಪುಲ್ಲಿ ಇದೆ, ಕ್ರ್ಯಾಂಕ್ ಪುಲ್ಲಿ. ಅದರ ಮೇಲೆ ಬಿಳಿ ಪೇಂಟಿನಲ್ಲಿ ಒಂದು ಗೀಟು ಎಳೆಯಿರಿ. ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು, ಕೀ ಕೈಯಲ್ಲಿ ಹಿಡಿದುಕೊಂಡು, ಟಾರ್ಚ್ ಬಿಟ್ಟು ಗೀಟು ಎಲ್ಲಿದೆ ನೋಡಿ. ಗಡಿಯಾರದ ಮುಳ್ಳಿನ ಹಾಗೆ ಬರೆಯಿರಿ. 2 ಗಂಟೆ, 8 ಗಂಟೆ, ಹೀಗೆ. ಪಕ್ಕದಲ್ಲಿ ಸದ್ದು ಬಂತಾ ಇಲ್ಲವಾ ಬರೆಯಿರಿ. ಸದ್ದೆಲ್ಲ ಒಂದೇ ಗಂಟೆಗೆ ಬಂದರೆ ರಿಂಗ್. ಎಲ್ಲ ಗಂಟೆಗೂ ಚೆದುರಿದ್ದರೆ ಸೆಲ್ಫ್ ಕಡೆ ನೋಡಬೇಕು. ಬೆಂಡಿಕ್ಸ್, ಮುಂದಿನ ಬುಷ್, ಇಲ್ಲ ಸೆಲ್ಫ್ ಕೂರಿಸಿದ ಬೋಲ್ಟ್ ಸಡಿಲ.

ಇನ್ನೊಂದು. ಚಿಕ್ಕಪ್ಪ ಬೆಳಿಗ್ಗೆ ಮೊದಲ ಸಲ ಹೊಡೆದಾಗ ಇಂಜಿನ್ ಹತ್ತುತ್ತದಾ, ಹತ್ತಿ ಆರುತ್ತದಾ? ರಾತ್ರಿ ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ಇವೆರಡು ಹೇಳಿ.

ಸುಂಟಿಕೊಪ್ಪ ಟ್ರಿಪ್ ಪುಸ್ತಕ
ಜನವರಿ 13, ರಾತ್ರಿ 8.50

ಮೇಸ್ತ್ರಿ ಅಣ್ಣ, ಮೂರು ದಿನ ಬರೆದಿದ್ದೇನೆ. ಒಟ್ಟು 17 ಸ್ಟಾರ್ಟ್. ನೀವು ಹೇಳಿದ ಹಾಗೆ ಗೀಟು ಎರಡೇ ಕಡೆ ನಿಲ್ಲುತ್ತಿದೆ. 1 ಗಂಟೆಯ ಹತ್ತಿರ ಒಂಬತ್ತು ಸಲ, 7 ಗಂಟೆಯ ಹತ್ತಿರ ಏಳು ಸಲ. ಒಂದು ಸಲ ಮಾತ್ರ 4ರ ಹತ್ತಿರ. ಸದ್ದು ಬಂದದ್ದು ಐದು ಸಲ. ಐದೂ 7 ಗಂಟೆಯಲ್ಲಿ! ಪುಸ್ತಕದಲ್ಲಿ ಅದನ್ನು ಸಾಲಾಗಿ ನೋಡಿದಾಗ ಕೈ ನಡುಗಿತು, ನಿಜ ಹೇಳುತ್ತೇನೆ. ಇಷ್ಟು ದಿನ ಹಾಳು ಸದ್ದು ಮನಸ್ಸು ಬಂದ ಹಾಗೆ ಬರುತ್ತದೆ ಅಂದುಕೊಂಡಿದ್ದೆವು.

ಸೋಮವಾರಪೇಟೆಯ ಪರಿಚಯದವರ ಹತ್ತಿರ ಮೀಟರ್ ತಂದು ಅದನ್ನೂ ನೋಡಿದೆ. ನಿಂತಾಗ 12.5, ಹೊಡೆಯುವಾಗ 10.4. ಅರ್ಥ್ ವೈರಿನಲ್ಲಿ 0.2. ಬ್ಯಾಟರಿ, ವೈರ್ ಸರಿ ಇದೆ ಅಲ್ವಾ? ಇಂಜಿನ್ ಹತ್ತಿದ ಮೇಲೆ ಸದ್ದು ಇರುವುದಿಲ್ಲ.

ನೀವು ಕೇಳಿದ ಎರಡು ಪ್ರಶ್ನೆ. ಹೌದು, ಬೆಳಿಗ್ಗೆ ಮೊದಲ ಸಲ ಹತ್ತಿ ಆರಿಹೋಗುತ್ತದೆ. ಎರಡು ಮೂರು ಸಲ ಹಾಗೆ. ನಮ್ಮ ಶೆಡ್ ಮನೆಯ ಮೇಲಿನ ಏರಿನಲ್ಲಿದೆ, ಮೂತಿ ಮೇಲೆ ಮಾಡಿ ನಿಲ್ಲಿಸುತ್ತೇವೆ. ನೀವು ಕೇಳಿದ ಮೇಲೆ ಹಳೇ ಹಾಳೆ ತೆಗೆದು ನೋಡಿದೆ. ಡಿಸೆಂಬರಿನಲ್ಲಿ ಎರಡು ರಾತ್ರಿ ಕುಶಾಲನಗರದಲ್ಲಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿದ್ದೆವು. ಆ ಎರಡು ಬೆಳಿಗ್ಗೆಯೂ ಒಂದೇ ಸಲಕ್ಕೆ ಹತ್ತಿದೆ. ಇದಕ್ಕೂ ಹಲ್ಲಿಗೂ ಸಂಬಂಧ ಇದೆಯಾ?

ಹಳೇ ಮೇಸ್ತ್ರಿ, ಕುಶಾಲನಗರ
ಜನವರಿ 13, ರಾತ್ರಿ 10.20

ಇದೆ ತಂಗಿ, ಅದೇ ಮೂಲ.

ಮೂತಿ ಮೇಲೆ ಮಾಡಿದರೆ ಡೀಸೆಲ್ ಟ್ಯಾಂಕು ಇಂಜಿನ್‌ಗಿಂತ ತಗ್ಗಾಗುತ್ತದೆ. ಲೈನಿನಲ್ಲಿ ಎಲ್ಲೋ ಸಣ್ಣದಾಗಿ ಗಾಳಿ ಎಳೆಯುತ್ತಿದೆ. ರಾತ್ರಿಯೆಲ್ಲ ಡೀಸೆಲ್ ಹಿಂದೆ ಜಾರಿ ಟ್ಯಾಂಕಿಗೆ ಇಳಿಯುತ್ತದೆ. ಬೆಳಿಗ್ಗೆ ಪಂಪಿನಲ್ಲಿ ಉಳಿದ ಡೀಸೆಲ್ಲಿಗೆ ಒಂದು ಸಲ ಹತ್ತುತ್ತದೆ, ಆಮೇಲೆ ಗಾಳಿ ಬಂದು ಆರುತ್ತದೆ. ಗಾಳಿ ಎಳೆಯುವ ಸೋರಿಕೆ ಹೊರಗೆ ತೊಟ್ಟಿಕ್ಕಲೇಬೇಕು ಅಂತಿಲ್ಲ. ಅದಕ್ಕೇ ಯಾರೂ ನೋಡುವುದಿಲ್ಲ.

ಈಗ ಆರುವ ಆ ಕ್ಷಣ ನೋಡಿ. ಇಂಜಿನ್ ಆರಿತು ಅಂದರೆ ನಿಂತಿತು ಅಂತ ಅಲ್ಲ. ಫ್ಲೈವೀಲ್ ಭಾರ, ಇನ್ನೂ ತಿರುಗುತ್ತಿರುತ್ತದೆ. ಕೊನೆಯಲ್ಲಿ ಕಂಪ್ರೆಷನ್‌ಗೆ ತಾಗಿ ಹಿಂದಕ್ಕೂ ಒಂದು ಸಲ ತೂಗುತ್ತದೆ. ಅಷ್ಟರಲ್ಲಿ ಡ್ರೈವರ್ ಮತ್ತೆ ಕೀ ಹೊಡೆದರೆ ಪಿನಿಯನ್ ಹೋಗಿ ತಿರುಗುವ ಹಲ್ಲಿಗೆ ಬಡಿಯುತ್ತದೆ. ಒಂದೊಂದು ಸಲಕ್ಕೆ ಒಂದೊಂದು ಚೂರು ಕಬ್ಬಿಣ ಹಾರುತ್ತದೆ. ದಿನಕ್ಕೆ ಎರಡು ಮೂರು ಸಲ, ವರ್ಷಗಟ್ಟಲೆ. ಲೆಕ್ಕ ನೀವೇ ಹಾಕಿ.

ಚಿಕ್ಕಪ್ಪನ ತಪ್ಪು ಅಂತ ನಾನು ಹೇಳುವುದಿಲ್ಲ. ಬೆಳಿಗ್ಗೆ ಲೋಡಿಗೆ ತಡವಾಗಿದ್ದರೆ ಯಾರ ಕೈಯೂ ನಿಲ್ಲುವುದಿಲ್ಲ. ಗಾಳಿ ಎಳೆಯದಿದ್ದರೆ ಅವರು ಎರಡನೇ ಸಲ ಕೀ ಮುಟ್ಟುತ್ತಲೇ ಇರಲಿಲ್ಲ.

ಈಗ ಮಾಡಬೇಕಾದ್ದು. ಮೊದಲು ಕಣ್ಣಾರೆ ನೋಡಿ. ಚಕ್ರಕ್ಕೆ ಕಲ್ಲು ಕೊಡಿ, ನ್ಯೂಟ್ರಲ್ ಮಾಡಿ, ಬ್ಯಾಟರಿ ಮೈನಸ್ ತೆಗೆಯಿರಿ, ಆಮೇಲೆ ಸೆಲ್ಫ್ ಇಳಿಸಿ. ಮೈನಸ್ ತೆಗೆಯದೆ ಸೆಲ್ಫಿಗೆ ಪಾನಾ ಹಾಕಬೇಡಿ, ದಪ್ಪ ವೈರಿನಲ್ಲಿ ಬ್ಯಾಟರಿ ಕರೆಂಟ್ ಯಾವಾಗಲೂ ಇರುತ್ತದೆ. ಇಂಜಿನ್ ಆರಿಸುವ ಸ್ಟಾಪ್ ನಾಬ್ ಎಳೆದಿಟ್ಟು, ಪುಲ್ಲಿಯ ನಟ್ಟಿಗೆ ಉದ್ದದ ರಾಡ್ ಹಾಕಿ ಇಂಜಿನ್ ನಿಧಾನ ತಿರುಗಿಸಿ. ಸೆಲ್ಫಿನ ತೂತಿನಿಂದ ಟಾರ್ಚ್ ಬಿಟ್ಟು ಒಂದು ಪೂರ್ತಿ ಸುತ್ತು ಹಲ್ಲು ನೋಡಿ.

ಹಲ್ಲು ಹೋಗಿದ್ದರೆ ಗೇರ್ ಬಾಕ್ಸ್ ಇಳಿಸಲೇಬೇಕು, ಬೇರೆ ದಾರಿ ಇಲ್ಲ. ಕೆಲವರು ಹಳೇ ರಿಂಗನ್ನೇ ಬಿಚ್ಚಿ ಕಾಲು ಸುತ್ತು ತಿರುಗಿಸಿ ಹಾಕುತ್ತಾರೆ, ಒಳ್ಳೇ ಹಲ್ಲು ಸೆಲ್ಫಿನ ಎದುರು ಬರಲಿ ಅಂತ. ದುಡ್ಡಿಲ್ಲದ ಕಾಲದಲ್ಲಿ ನಾನೂ ಮಾಡಿದ್ದೇನೆ, ನಡೆಯುತ್ತದೆ. ಆದರೆ ಗೇರ್ ಬಾಕ್ಸ್ ಇಳಿಸುವ ಕೂಲಿಯೇ ಜಾಸ್ತಿ ಆಗುವಾಗ ಹಳೇ ರಿಂಗ್ ಯಾಕೆ? ಹೊಸದೇ ಹಾಕಿಸಿ. ಹೊಸ ರಿಂಗಿಗೆ ಹಳೇ ಬೆಂಡಿಕ್ಸ್ ಮಾತ್ರ ಬೇಡ, ಅದರ ಮುರಿದ ಹಲ್ಲು ಹೊಸ ರಿಂಗನ್ನೂ ತಿನ್ನುತ್ತದೆ.

ರಿಂಗ್ ಕೂರಿಸುವುದು ಬಿಸಿ ಮಾಡಿ. ಸುತ್ತಲೂ ಸಮನಾಗಿ 200 ಡಿಗ್ರಿ ಚಿಲ್ಲರೆ. ಒಂದು ಕಡೆ ತಿಕ್ಕಿ ಹೊಳಪು ಮಾಡಿಟ್ಟರೆ ಅಲ್ಲಿ ತಿಳಿ ಹಳದಿ ಬಣ್ಣ ಬರುತ್ತದೆ, ಅಷ್ಟು ಸಾಕು. ನೀಲಿಗೆ ತಿರುಗಿದರೆ ಜಾಸ್ತಿ ಆಯಿತು. ಕೆಂಪಗೆ ಕಾಯಿಸಿದರೆ ಹಲ್ಲಿನ ಗಟ್ಟಿತನವೇ ಹೋಗುತ್ತದೆ. ಗ್ಯಾಸಿನ ಬೆಂಕಿಯನ್ನು ನೇರ ಹಲ್ಲಿಗೆ ಹಿಡಿಯುವವರ ಹತ್ತಿರ ಕೊಡಬೇಡಿ. ಹಲ್ಲಿನ ಒಂದು ಬದಿ ಓರೆಯಾಗಿ ತಿಕ್ಕಿರುತ್ತದೆ, ಆ ಬದಿ ಪಿನಿಯನ್ ಒಳಗೆ ಬರುವ ಕಡೆಗೇ ಇರಬೇಕು. ಇದನ್ನು ನೀವು ನಿಂತು ನೋಡಿ. ತಿರುವುಮುರುವು ಕೂರಿಸಿ ಎರಡನೇ ಸಲ ಗೇರ್ ಬಾಕ್ಸ್ ಇಳಿಸಿದ್ದನ್ನು ನಾನು ಕಂಡಿದ್ದೇನೆ.

ಅಲ್ಲಿಯವರೆಗೆ ಗಾಡಿಯನ್ನು ಶೆಡ್ಡಿನಲ್ಲಿ ಮೂತಿ ಕೆಳಗೆ ಮಾಡಿ, ನಾಲ್ಕು ಚಕ್ರಕ್ಕೂ ಕಲ್ಲು ಕೊಟ್ಟು ನಿಲ್ಲಿಸಿ. ಸಿದ್ದಾಪುರದ ತೋಟದಲ್ಲಿ ಲೋಡ್ ಮಾಡುವಾಗ ಇಂಜಿನ್ ಆಫ್ ಮಾಡಲೇಬೇಡಿ. ಡೀಸೆಲ್ ಹೋದರೆ ಹೋಗಲಿ.

ಸಂಪಾಜೆ ಘಾಟಿ ಡ್ರೈವರ್
ಜನವರಿ 14, ಬೆಳಿಗ್ಗೆ 5.50

ಮೇಸ್ತ್ರಿ ಹೇಳಿದ್ದು ಸರಿ. ಗೇರ್ ಬಾಕ್ಸ್ ಹೇಗೂ ಇಳಿಯುತ್ತದಲ್ಲ, ಕ್ಲಚ್ ಪ್ಲೇಟ್, ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ನೋಡಿಸಿಬಿಡಿ. ಸೀಲ್ ಸೋರಿದರೆ ಆಯಿಲ್ ಫ್ಲೈವೀಲ್, ಕ್ಲಚ್ ಇರುವ ಬೆಲ್ ಹೌಸಿಂಗಿಗೆ ಇಳಿದು, ಕ್ಲಚ್ ಧೂಳಿನ ಜೊತೆ ಅಂಟಾಗಿ ಬೆಂಡಿಕ್ಸಿಗೆ ಹತ್ತುತ್ತದೆ. ಆಮೇಲೆ ಅದು ಹಿಂದೆ ಮುಂದೆ ಸರಾಗ ಓಡುವುದಿಲ್ಲ.

ಸುಂಟಿಕೊಪ್ಪ ಟ್ರಿಪ್ ಪುಸ್ತಕ
ಜನವರಿ 22, ರಾತ್ರಿ 9.15

ಕೆಲಸ ಮುಗಿಯಿತು. ಎಲ್ಲ ಬರೆಯುತ್ತೇನೆ, ಇನ್ನೊಬ್ಬರಿಗೆ ಬೇಕಾಗಬಹುದು.

ಸೆಲ್ಫ್ ಇಳಿಸಿದ ದಿನ ಟಾರ್ಚ್ ನಾನೇ ಹಿಡಿದೆ. ರಾಡ್ ಚಿಕ್ಕಪ್ಪ ತಿರುಗಿಸಿದರು. ಹಲ್ಲುಗಳು ಸಾಲಾಗಿ ಚೆನ್ನಾಗಿ ಬರುತ್ತಿದ್ದವು. ಇದ್ದಕ್ಕಿದ್ದ ಹಾಗೆ ಇಲಿ ಕಡಿದ ತೆಂಗಿನ ಚೂರಿನ ಥರ ಹನ್ನೊಂದು ಹಲ್ಲು. ಅಂಚು ಅರ್ಧಕ್ಕೆ ಅರ್ಧ ಇಲ್ಲ. ಪುಲ್ಲಿಯ ಗೀಟು ನೋಡಿದರೆ 7 ಗಂಟೆ. ಎದುರು ಬದಿಯಲ್ಲೂ ಆರೇಳು ಹಲ್ಲು ಸವೆದಿದ್ದವು, ಆದರೆ ಅಷ್ಟಲ್ಲ. ಚಿಕ್ಕಪ್ಪ ಬಗ್ಗಿ ತುಂಬಾ ಹೊತ್ತು ನೋಡಿದರು. ಏನೂ ಮಾತಾಡಲಿಲ್ಲ.

ಅವರಿಗೆ ಕೀ ವಿಷಯ ಹೇಗೆ ಹೇಳುವುದು ಅಂತ ನನಗೆ ಎರಡು ದಿನದಿಂದ ಸಂಕಟ ಇತ್ತು. 27 ವರ್ಷ ಸ್ಟೇರಿಂಗ್ ಹಿಡಿದವರು. ನನಗೆ ಲಾರಿ ಹತ್ತಲು ಕೈ ಕೊಟ್ಟವರೇ ಅವರು. ಕೊನೆಗೆ ಮೇಸ್ತ್ರಿ ಅಣ್ಣ ಬರೆದದ್ದನ್ನು ಹಾಗೆಯೇ ಓದಿ ಹೇಳಿದೆ, "ಗಾಳಿ ಎಳೆಯದಿದ್ದರೆ ಅವರು ಎರಡನೇ ಸಲ ಕೀ ಮುಟ್ಟುತ್ತಲೇ ಇರಲಿಲ್ಲ" ಅನ್ನುವುದನ್ನೂ ಸೇರಿಸಿ. "ಅವರಿಗೆ ಗೊತ್ತು" ಅಂದರು ಚಿಕ್ಕಪ್ಪ. ಅಷ್ಟೇ. ಅಣ್ಣ, ಆ ಒಂದು ಸಾಲಿಗೆ ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಗಾಳಿ ಎಲ್ಲಿ ಎಳೆಯುತ್ತಿತ್ತು ಅಂದರೆ ಎರಡು ಕಡೆ. ಡೀಸೆಲ್ ಫಿಲ್ಟರಿನ ಬೋಲ್ಟಿನ ತಾಮ್ರದ ವಾಷರ್ ಚಪ್ಪಟೆಯಾಗಿ ಹೋಗಿತ್ತು. ಟ್ಯಾಂಕಿನಿಂದ ಫೀಡ್ ಪಂಪಿಗೆ ಬರುವ ರಬ್ಬರ್ ಪೈಪು ಕ್ಲಿಪ್ಪಿನ ಅಡಿಯಲ್ಲಿ ಸೀಳಿತ್ತು. ವಾಷರ್, ಪೈಪು, ಕ್ಲಿಪ್ಪು ಎಲ್ಲ ಸೇರಿ 340 ರೂಪಾಯಿ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ. ರಿಂಗ್, ಬೆಂಡಿಕ್ಸ್, ಕ್ಲಚ್ ಪ್ಲೇಟ್, ಆಯಿಲ್ ಸೀಲ್, ಕೂಲಿ ಸೇರಿ 16,800 ಆಯಿತು. ಮೊದಲು ಹಾಕಿದ ಸೆಲ್ಫ್ ಬೇರೆ. ಅದರ ಮೋಟಾರಿನಲ್ಲಿ ಏನೂ ತೊಂದರೆ ಇರಲಿಲ್ಲ, ಬೆಂಡಿಕ್ಸ್ ಮಾತ್ರ ಬದಲಾಯಿಸಿ ಅದನ್ನೇ ಹಾಕಿದೆವು.

ರಿಂಗ್ ಕೂರಿಸುವಾಗ ನಾನು ಅಲ್ಲೇ ನಿಂತಿದ್ದೆ. ಓರೆ ಬದಿ ಯಾವ ಕಡೆ ಅಂತ ಕೇಳಿದೆ. ಲೇತಿನವರು ಒಂದು ನಿಮಿಷ ನನ್ನ ಮುಖ ನೋಡಿ, ಆಮೇಲೆ ರಿಂಗ್ ಎತ್ತಿ ತೋರಿಸಿದರು. ಬಣ್ಣವೂ ನೋಡಿದೆ, ಒಣಹುಲ್ಲಿನ ಥರ ಹಳದಿ. ಫ್ಲೈವೀಲಿನ ಮೇಲೆ ಇಟ್ಟ ಕೂಡಲೇ ತಟ್ಟನೆ ಕೂತಿತು. ಆರಿದ ಮೇಲೆ ಸುತ್ತಿಗೆಯಲ್ಲಿ ತಟ್ಟಿ ಸದ್ದು ಕೇಳಿ ನೋಡಿದರು.

ನಾಲ್ಕು ದಿನದಲ್ಲಿ 23 ಸ್ಟಾರ್ಟ್ ಆಗಿದೆ. ಸದ್ದು ಒಂದೂ ಇಲ್ಲ. ಬೆಳಿಗ್ಗೆ ಮೊದಲ ಸಲಕ್ಕೇ ಹತ್ತುತ್ತದೆ, ಶೆಡ್ಡಿನಲ್ಲಿ ಮೂತಿ ಮೇಲೆ ಇದ್ದರೂ. ಮೊನ್ನೆ ಸಿದ್ದಾಪುರದ ಕಣದಲ್ಲಿ 60 ಚೀಲ ಚೆರಿ (ಒಣಗಿಸಿದ ಕಾಫಿ ಹಣ್ಣು) ಹಾಕಿಕೊಂಡೆವು. ಕತ್ತಲು ಇನ್ನೂ ಹರಿದಿರಲಿಲ್ಲ. ರೈಟರ್ "ಇಂಜಿನ್ ಆಫ್ ಮಾಡಬೇಡಿ" ಅಂದರು, ಅವರಿಗೆ ನಮ್ಮ ಹಳೇ ಕಷ್ಟ ಗೊತ್ತು. ಚಿಕ್ಕಪ್ಪ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ಚಾ ಕುಡಿಯಲು ಹೋದರು.

ಒಂದೇ ಒಂದು ಪ್ರಶ್ನೆ ಉಳಿದಿದೆ. ಕ್ಲಚ್ ಈಗ ತುಂಬಾ ಮೇಲೆಯೇ ಹಿಡಿಯುತ್ತದೆ. ಪೆಡಲ್‌ಗೆ ಕಾಲು ತಾಗಿದ ಕೂಡಲೇ ಗಟ್ಟಿ. ಹೊಸ ಪ್ಲೇಟಿಗೆ ಹಾಗೆಯೇ ಇರುತ್ತದಾ?

ಹಳೇ ಮೇಸ್ತ್ರಿ, ಕುಶಾಲನಗರ
ಜನವರಿ 23, ಬೆಳಿಗ್ಗೆ 6.40

ಹೊಸ ಪ್ಲೇಟ್ ದಪ್ಪ, ಹಿಡಿಯುವ ಜಾಗ ಬದಲಾಗುವುದು ಸಹಜ. ಆದರೆ ಪೆಡಲ್ ಮುಟ್ಟಿದ ಕೂಡಲೇ ಗಟ್ಟಿ ಅಂದರೆ ಅದಕ್ಕೆ ಆಟ, ಅಂದರೆ ಮೊದಲಿಗೆ ಸ್ವಲ್ಪ ಸಡಿಲ, ಬಿಟ್ಟಿಲ್ಲ. ರಿಲೀಸ್ ಬೇರಿಂಗ್ ಯಾವಾಗಲೂ ಒತ್ತಿಕೊಂಡೇ ತಿರುಗಿ ಬೇಗ ಹೋಗುತ್ತದೆ, ಪ್ಲೇಟೂ ಜಾರುತ್ತದೆ. ಕೆಲಸ ಮಾಡಿದವರ ಹತ್ತಿರವೇ ಹೋಗಿ, ಪೆಡಲ್ ಆಟ ಸೆಟ್ ಮಾಡಿಸಿ. ಹತ್ತು ನಿಮಿಷದ ಕೆಲಸ, ದುಡ್ಡು ಕೇಳಬಾರದು. ಮುಂದಿನ ಲೋಡಿಗೆ ಮೊದಲೇ ಮಾಡಿಸಿ ತಂಗಿ.